ಗೊದಮೊಟ್ಟೆಯ ಬಣ್ಣ, ಅಂಗಾಲಿನ ಮಚ್ಚೆ

ಮುಂಗಾರು ಹಿಡಿದು ಎರಡು ವಾರ ಕಳೆದರೆ ಸಾಕು, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಗದ್ದೆಯಂಚಿನಲ್ಲಿ ನಿಂತು ನೋಡಿದರೂ ನೀರಿನೊಳಗೆ ಗೊದಮೊಟ್ಟೆಗಳು ಓಡಾಡುತ್ತಿರುತ್ತವೆ. ಕಪ್ಪು ತಲೆ, ಪುಟ್ಟ ಬಾಲ. ಚಿಕ್ಕಂದಿನಲ್ಲಿ ಅವನ್ನು ಬೊಗಸೆಯಲ್ಲಿ ಹಿಡಿದು ಬಾಟಲಿಗೆ ತುಂಬಿ ಬೈಸಿಕೊಂಡವರು ನಾವೆಲ್ಲ. ಮನುಷ್ಯರ ಚರ್ಮದ ಬಗ್ಗೆ ಒಂದು ದೊಡ್ಡ ಸಂಗತಿಯನ್ನು ವೈದ್ಯರಿಗೆ ತೋರಿಸಿಕೊಟ್ಟದ್ದು ಈ ಗೊದಮೊಟ್ಟೆಗಳೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ, ಚರ್ಮವೈದ್ಯದ ಓದಿಗೆ ಸೇರಿದ ಮೇಲೆ.

1916ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಫಿಲಿಪ್ ಸ್ಮಿತ್ ಮತ್ತು ಬೆನೆಟ್ ಅಲೆನ್, ಬೇರೆ ಬೇರೆ ಕಡೆ ಒಂದೇ ಪ್ರಯೋಗ ಮಾಡಿದರು. ಕಪ್ಪೆಯ ಮರಿ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದರ ತಲೆಯೊಳಗೆ ಪಿಟ್ಯುಟರಿ ಗ್ರಂಥಿ ಆಗಬೇಕಾಗಿದ್ದ ಚೂರನ್ನು ತೆಗೆದುಹಾಕಿದರು. ಮರಿಗಳು ಬದುಕಿದವು. ಆದರೆ ಕಪ್ಪು ಹೋಯಿತು, ಮೈಯೆಲ್ಲ ಬೆಳ್ಳಿಯ ಹಾಗೆ ಬೆಳ್ಳಗಾಯಿತು. ಮರುವರ್ಷ ಇನ್ನಿಬ್ಬರು ದನದ ಮಿದುಳಿನ ಪೀನಿಯಲ್ ಗ್ರಂಥಿಯ ಸಾರವನ್ನು ಗೊದಮೊಟ್ಟೆಗಳಿಗೆ ತಿನ್ನಿಸಿ ನೋಡಿದರು. ಅವೂ ಸ್ವಲ್ಪ ಹೊತ್ತಿನಲ್ಲೇ ತೆಳುಬಣ್ಣಕ್ಕೆ ತಿರುಗಿದವು. ಆ ಎಳೆಯನ್ನೇ ಹಿಡಿದು ಹೋದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ 1958ರಲ್ಲಿ ದನದ ಪೀನಿಯಲ್ ಗ್ರಂಥಿಗಳಿಂದ ಮೆಲಟೋನಿನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಇವತ್ತು ನಿದ್ದೆಯ ಹಾರ್ಮೋನು ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು ಪತ್ತೆಯಾದದ್ದು ಚರ್ಮದ ಬಣ್ಣ ಹುಡುಕಿಕೊಂಡು ಹೋದಾಗ.

ತಲೆಯೊಳಗಿನ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಗೂ ಮೈಮೇಲಿನ ಬಣ್ಣಕ್ಕೂ ನಂಟು ಇದೆ ಎಂದಾಯಿತು. ಗ್ರಂಥಿ ರಕ್ತದೊಳಕ್ಕೆ ಒಂದು ರಸ ಬಿಡುತ್ತದೆ, ರಕ್ತ ಅದನ್ನು ಎಲ್ಲ ಕಡೆಗೂ ಒಯ್ಯುತ್ತದೆ, ಅದರ ಮಾತು ತಿಳಿಯುವ ಜೀವಕೋಶ ಮಾತ್ರ ಓಗೊಡುತ್ತದೆ. 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಇಂಥ ರಸಗಳಿಗೆ ಹಾರ್ಮೋನು ಎಂಬ ಹೆಸರು ಬಳಸಿದರು. ಬಡಿದೆಬ್ಬಿಸುವುದು ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು.

ಇನ್ನು ನಮ್ಮ ಚರ್ಮಕ್ಕೆ ಬರೋಣ. ಬಿಸಿಲಿನ ನೇರಳಾತೀತ ಕಿರಣ ಮೇಲ್ಚರ್ಮದ ಕೋಶವನ್ನು ಹೊಕ್ಕು ಅದರ ನಡುವಿನ ಬೀಜಕೇಂದ್ರದಲ್ಲಿರುವ ಡಿಎನ್‌ಎಯನ್ನು ಕೆಡಿಸುತ್ತದೆ. ಪೆಟ್ಟು ತಿಂದ ಕೋಶ ಸುಮ್ಮನಿರುವುದಿಲ್ಲ. ಅದೂ ಒಂದು ಹಾರ್ಮೋನನ್ನು ತಯಾರಿಸಿ ಪಕ್ಕಕ್ಕೆ ಬಿಡುತ್ತದೆ. ಪಿಟ್ಯುಟರಿಯಿಂದ ಬರುವ ಎಂಎಸ್‌ಎಚ್ ಎಂಬ ಬಣ್ಣದ ಹಾರ್ಮೋನೇ ಇದು, ಆದರೆ ಹುಟ್ಟಿದ್ದು ಚರ್ಮದಲ್ಲಿ. ಬಾಸ್ಟನ್‌ನ ಸಂಶೋಧಕರು 2007ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ತೋಟಕ್ಕೆ ಮಂಗ ಬಂದಾಗ ಒಬ್ಬರು ಕೂಗು ಹಾಕಿದರೆ ಆಚೆ ತೋಟದವರಿಗೆ ಗೊತ್ತಾಗುವುದಿಲ್ಲವೇ, ಹಾಗೆ. ಕೂಗು ಕೇಳಿಸಿಕೊಂಡ ಬಣ್ಣಕೋಶ ಮೆಲನಿನ್ ಎಂಬ ಕಪ್ಪು ಪುಡಿಯನ್ನು ತಯಾರಿಸಿ ನೆರೆಯ ಕೋಶಗಳಿಗೆ ಹಂಚುತ್ತದೆ. ಆ ಪುಡಿ ಕೋಶದೊಳಗೆ ಎಲ್ಲೆಂದರಲ್ಲಿ ಚೆಲ್ಲಿಕೊಳ್ಳುವುದಿಲ್ಲ. ಬೀಜಕೇಂದ್ರದ ಮೇಲ್ಭಾಗದಲ್ಲಿ, ಬಿಸಿಲು ಬೀಳುವ ಕಡೆಗೇ, ಗುಂಪಾಗಿ ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದದ್ದು ಗೊರಬು. ನಾಟಿ ಮಾಡುವ ಹೆಂಗಸರು ಬಿದಿರು ಕಡ್ಡಿಯ ಹಂದರಕ್ಕೆ ಎಲೆ ಹೊದಿಸಿ ತಲೆಯಿಂದ ಬೆನ್ನಿನವರೆಗೆ ಇಳಿಬಿಟ್ಟುಕೊಳ್ಳುತ್ತಿದ್ದರಲ್ಲ, ಆ ಗೊರಬು. ಅದು ಮಳೆಗೆ, ಇದು ಬಿಸಿಲಿಗೆ.

ನಮ್ಮ ಮೈಬಣ್ಣದ ಬಗ್ಗೆ ನಾಚಿಕೆಪಡುವ ಹುಡುಗಿಯರಿಗೆ ನಾನು ಇದನ್ನೇ ಹೇಳುವುದು. ನಿನ್ನ ಪ್ರತಿಯೊಂದು ಕೋಶಕ್ಕೂ ಒಂದೊಂದು ಗೊರಬು ಇದೆ ಮಗಳೇ, ಅದನ್ನು ಕಿತ್ತೆಸೆಯಲು ಯಾಕೆ ದುಡ್ಡು ಕೊಡುತ್ತೀ? ಭಾರತದಲ್ಲಿ ಒಟ್ಟು ಕ್ಯಾನ್ಸರುಗಳ ಪೈಕಿ ಚರ್ಮದ ಕ್ಯಾನ್ಸರು ಶೇಕಡಾ 1ಕ್ಕೂ ಕಡಿಮೆ. ಅದಕ್ಕೆ ಮುಖ್ಯ ಕಾರಣ ಈ ಕಪ್ಪು. ಕೆಂಗೂದಲಿನ ಬಿಳಿಯರಲ್ಲಿ ಆ ಹಾರ್ಮೋನಿನ ಕೂಗು ಕೇಳಿಸಿಕೊಳ್ಳುವ ಕಿವಿಯೇ ಮಂದ, ಅವರಿಗೆ ಚರ್ಮದ ಕ್ಯಾನ್ಸರಿನ ಭಯ ಬಹಳ. ಹುಟ್ಟಿನಿಂದಲೇ ಬಣ್ಣವಿಲ್ಲದ, ಕೂದಲು ರೆಪ್ಪೆಯೆಲ್ಲ ಬೆಳ್ಳಗಿರುವ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಕೂಗು ಕೇಳಿಸುತ್ತದೆ, ಆದರೆ ಗೊರಬು ಹೆಣೆಯಲು ಎಲೆಯೇ ಇಲ್ಲ. ಅಂಥ ಮಗು ಮನೆಯಲ್ಲಿದ್ದರೆ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಅದಕ್ಕೆ ಊಟದಷ್ಟೇ ಮುಖ್ಯ. ಮೋಡ ಕವಿದ ದಿನವೂ ಬಿಡಬೇಡಿ. ತೆಳು ಮೋಡದ ಮೂಲಕ ನೇರಳಾತೀತ ಕಿರಣದ ಹೆಚ್ಚಿನ ಪಾಲು ಇಳಿದು ಬರುತ್ತದೆ. ತೊನ್ನಿನ ವಿಷಯ ಬೇರೆ. ತೊನ್ನು ಇದ್ದವರಿಗೆ ಚರ್ಮದ ಕ್ಯಾನ್ಸರು ಬಂದೇ ಬರುತ್ತದೆಂದು ಹೆದರಿಸುವವರಿದ್ದಾರೆ. ಯುರೋಪಿನ ಅಧ್ಯಯನಗಳಲ್ಲಿ ಕಂಡದ್ದು ಇದಕ್ಕೆ ತಿರುಗುಮುರುಗು: ತೊನ್ನಿನವರಲ್ಲಿ ಅದು ಉಳಿದವರಿಗಿಂತ ಕಡಿಮೆ.

ಹಾರ್ಮೋನು ಚರ್ಮದ ಮೇಲೆ ಬರೆಯುವ ಬರಹವನ್ನು ಮೊದಲು ಓದಿದ ವೈದ್ಯ ಲಂಡನ್ನಿನ ಥಾಮಸ್ ಅಡಿಸನ್. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಹಾಳಾದವರು ಸೊರಗುತ್ತಾರೆ, ಜೊತೆಗೆ ಕಪ್ಪಾಗುತ್ತಾರೆ ಎಂದು ಅವರು 1855ರಲ್ಲಿ ಬರೆದರು. ಅಂಗೈಯ ಗೆರೆ, ಒಸಡು ಕೂಡ ಕಪ್ಪಾಗುತ್ತದೆ. ಗ್ರಂಥಿ ಸೋತಿದೆ ಎಂದು ತಿಳಿದ ಪಿಟ್ಯುಟರಿ ಅದನ್ನು ಎಬ್ಬಿಸಲು ಒಂದೇ ಸಮನೆ ಹಾರ್ಮೋನು ಸುರಿಯುತ್ತದೆ, ಆ ರಭಸಕ್ಕೆ ಬಣ್ಣಕೋಶಗಳೂ ಎಚ್ಚರಗೊಳ್ಳುತ್ತವೆ. ಕ್ಷಯ ಈ ಗ್ರಂಥಿಯನ್ನು ತಿನ್ನುವುದುಂಟು. ಹಾಗಾಗಿ ಕಾರಣವಿಲ್ಲದೆ ಸುಸ್ತಾಗಿ, ತೂಕ ಇಳಿದು, ಮೈ ಕಪ್ಪಾಗುತ್ತಿದ್ದರೆ ಬಿಸಿಲಿಗೆ ಹಾಗಾಯಿತು ಎಂದು ಬಿಟ್ಟುಬಿಡಬಾರದು.

ಇನ್ನು ಬಂಗು. ನನ್ನ ಕೊಠಡಿಗೆ ಬರುವ ಹೆಂಗಸರಲ್ಲಿ ಎಷ್ಟೋ ಮಂದಿಯ ಮೊದಲ ಪ್ರಶ್ನೆ ಇದೇ. ಬಸುರಿಯಾಗಿದ್ದಾಗ, ಗರ್ಭನಿರೋಧಕ ಮಾತ್ರೆ ನುಂಗುವಾಗ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಮೋಡ ಕವಿದಂತಾಗುತ್ತದೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನುಗಳು ಬಣ್ಣಕೋಶವನ್ನು ಮೆಲ್ಲಗೆ ತಟ್ಟುತ್ತವೆ, ಬಿಸಿಲು ಜೊತೆಗೂಡುತ್ತದೆ. ಹೊಕ್ಕುಳಿನಿಂದ ಕೆಳಗೆ ಕಪ್ಪುಗೆರೆ ಬರುವುದೂ ಇದರಿಂದಲೇ. ಬಂಗು ಕ್ಯಾನ್ಸರಲ್ಲ, ಕ್ಯಾನ್ಸರಾಗಿ ತಿರುಗುವುದೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ಚಿಂತೆಯಲ್ಲಿ ನಿದ್ದೆಗೆಟ್ಟವರನ್ನು ಕಂಡಿದ್ದೇನೆ.

ಹಾಗಾದರೆ ಹಾರ್ಮೋನಿಗೂ ಚರ್ಮದ ಕ್ಯಾನ್ಸರಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಜನ ಅಂದುಕೊಂಡ ದಿಕ್ಕಿನಲ್ಲಿ ಅಲ್ಲ. ಚರ್ಮದ ಕ್ಯಾನ್ಸರುಗಳಲ್ಲಿ ಮೇಲ್ಚರ್ಮದ ಕೋಶಗಳಿಂದ ಬರುವ ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಎಂಬ ಎರಡು ಬಗೆ ಹೆಚ್ಚು. ಬಣ್ಣಕೋಶದಿಂದಲೇ ಹುಟ್ಟುವ ಮೆಲನೋಮಾ ಕಡಿಮೆ, ಆದರೆ ಎಲ್ಲಕ್ಕಿಂತ ಅಪಾಯಕಾರಿ. ಅಮೆರಿಕದ ಬಿಳಿಯರಲ್ಲಿ 50 ವರ್ಷಕ್ಕೆ ಮುಂಚೆ ಮೆಲನೋಮಾ ಹೆಂಗಸರಲ್ಲಿ ಹೆಚ್ಚು, ಆಮೇಲೆ ಗಂಡಸರಲ್ಲಿ. 65ರ ಹೊತ್ತಿಗೆ ಗಂಡಸರಲ್ಲಿ ಅದು ಸುಮಾರು ಎರಡು ಪಟ್ಟು. ಬಂದ ಮೇಲೂ ಬದುಕುಳಿಯುವವರಲ್ಲಿ ಹೆಂಗಸರೇ ಮುಂದು. ಹೆಂಗಸರು ಮೈ ನೋಡಿಕೊಳ್ಳುತ್ತಾರೆ, ಬೇಗ ವೈದ್ಯರ ಬಳಿ ಹೋಗುತ್ತಾರೆ ಎಂಬುದು ಇದಕ್ಕೆ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಅಮೆರಿಕದ ಒಹಾಯೊದಲ್ಲಿ ಗಂಡು ಹೆಣ್ಣು ಇಲಿಗಳಿಗೆ ಒಂದೇ ಅಳತೆಯ ನೇರಳಾತೀತ ಬೆಳಕು ಹಾಯಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಗಂಡಿಲಿಗಳಿಗೆ ಗಡ್ಡೆ ಬೇಗ ಬಂತು, ಹೆಚ್ಚು ಬಂತು. ಇಲಿಗೆ ಕನ್ನಡಿಯೂ ಇಲ್ಲ, ವೈದ್ಯರೂ ಇಲ್ಲ. ವ್ಯತ್ಯಾಸ ಮೈಯೊಳಗಿನದು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಇನ್ನೊಂದು ಬಾಗಿಲು ತೆರೆದರು. ಬಣ್ಣಕೋಶದ ಮೇಲೆ ಈಸ್ಟ್ರೋಜನ್ನಿಗೆ ಓಗೊಡುವ ಒಂದು ವಿಶೇಷ ಗ್ರಾಹಕ ಇದೆ. ಅದನ್ನು ಮುಟ್ಟಿದರೆ ಕೋಶ ಹೆಚ್ಚು ಬಣ್ಣ ತಯಾರಿಸುತ್ತದೆ, ಒಡೆದು ಎರಡಾಗುವ ಆತುರ ತಗ್ಗುತ್ತದೆ. ಅಂದರೆ ಪಳಗಿದ ಕೋಶವಾಗುತ್ತದೆ. ಕ್ಯಾನ್ಸರು ಎಂದರೆ ಪಳಗಿಸಲು ಬಾರದ ಬೆಳವಣಿಗೆಯೇ ತಾನೆ? ಆ ಗ್ರಾಹಕವನ್ನು ಎಚ್ಚರಿಸುವ ಔಷಧಿಯನ್ನು ರೋಗನಿರೋಧಕ ಚಿಕಿತ್ಸೆಯ ಜೊತೆ ಕೊಟ್ಟಾಗ ಮೆಲನೋಮಾ ಇದ್ದ ಇಲಿಗಳು ಹೆಚ್ಚು ಕಾಲ ಬದುಕಿದವು. ನನ್ನನ್ನು ಬೆರಗುಗೊಳಿಸಿದ್ದು ಇದು: ಕನ್ನಡಿಯ ಮುಂದೆ ನಿಂತು ನಾವು ಶಪಿಸುವ ಬಂಗಿನ ಹಿಂದೆ ಇರುವ ಹಾರ್ಮೋನು ಅದೇ ಬಣ್ಣಕೋಶವನ್ನು ಹದ್ದಿನಲ್ಲಿಡುತ್ತಲೂ ಇರಬಹುದು. 2022ರಲ್ಲಿ ಟೆಕ್ಸಾಸಿನ ಸಂಶೋಧಕರು ಗಂಡು ಹಾರ್ಮೋನಿನ ಗ್ರಾಹಕವನ್ನು ಮುಚ್ಚಿದಾಗ ಮೆಲನೋಮಾದ ಕೆಲವು ಔಷಧಿಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದನ್ನು ತೋರಿಸಿದರು. ಇವೆಲ್ಲ ಇನ್ನೂ ಪ್ರಯೋಗಶಾಲೆಯ ಮಾತು. ನಾಳೆ ಅಂಗಡಿಗೆ ಹೋಗಿ ಹಾರ್ಮೋನು ಮಾತ್ರೆ ಕೊಳ್ಳುವ ಮಾತಲ್ಲ. ಮುಟ್ಟು ನಿಂತ 27,000ಕ್ಕೂ ಹೆಚ್ಚು ಅಮೆರಿಕನ್ ಹೆಂಗಸರಿಗೆ ಹಾರ್ಮೋನು ಇಲ್ಲವೇ ಬರಿಯ ಸಕ್ಕರೆ ಮಾತ್ರೆಯಂಥದ್ದನ್ನು ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯ ಚರ್ಮದ ಫಲಿತಾಂಶ 2011ರಲ್ಲಿ ಬಂತು. ಎರಡು ಗುಂಪಿನಲ್ಲೂ ಚರ್ಮದ ಕ್ಯಾನ್ಸರು ಸರಿಸುಮಾರು ಒಂದೇ. ಮಾತ್ರೆ ಹೆಚ್ಚಿಸಲಿಲ್ಲ, ತಗ್ಗಿಸಲೂ ಇಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನಲ್ಲಿ ಕೂತಿರುವ ಒಬ್ಬರ ಬಗ್ಗೆ ಹೇಳಲೇಬೇಕು. ಅವರು ಶರಾವತಿ ಹಿನ್ನೀರಿನಾಚೆಯವರು. ಆಗ ಇನ್ನೂ ಸೇತುವೆ ಆಗಿರಲಿಲ್ಲ, ಸಾಗರಕ್ಕೆ ಬರಬೇಕೆಂದರೆ ಲಾಂಚ್ ದಾಟಬೇಕು. ಕೊನೆಗೌಡರು. ನಲವತ್ತು ವರ್ಷ ಅಡಿಕೆ ಮರ ಹತ್ತಿ ಕೊನೆ ಇಳಿಸಿದ ಕಾಲು. ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ, ನಡುವೆ ಒಡೆದು ನೀರು ಒಸರುತ್ತಿತ್ತು.

“ಎಂತದ್ದೂ ಅಲ್ಲ ಡಾಕ್ಟ್ರಮ್ಮ, ಮುಳ್ಳು ಹೊಕ್ಕಿದ್ದು. ಟ್ಯೂಬು ಹಚ್ತಾ ಇದೀನಿ” ಎಂದರು.

“ಎಷ್ಟು ದಿನದಿಂದ?”

“ಹೋದ ದೀಪಾವಳಿಯಿಂದ.”

ಅವರು ಬಂದದ್ದು ಆಷಾಢದಲ್ಲಿ. ಎಂಟು ತಿಂಗಳು. ಅಂಗಿಯ ಜೇಬಿನಿಂದ ಅವರು ತೆಗೆದ ಟ್ಯೂಬು ಸ್ಟೀರಾಯ್ಡ್ ಮುಲಾಮು. ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಕ್ಕಿದ್ದು. ಹಚ್ಚಿದಾಗ ಕೆಂಪು ಇಳಿಯುತ್ತಿತ್ತು, ನೋವು ತಗ್ಗುತ್ತಿತ್ತು, ಹಾಗಾಗಿ ಗುಣವಾಗುತ್ತಿದೆ ಎಂದು ನಂಬಿದ್ದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಬಂದ ಉತ್ತರ ಮೆಲನೋಮಾ. ತೊಡೆಸಂದಿಯಲ್ಲಿ ಆಗಲೇ ಗಂಟು ಕೈಗೆ ಸಿಗುತ್ತಿತ್ತು. ಅವರು ಇನ್ನೊಂದು ಕೊನೆ ಕೊಯ್ಲು ನೋಡಲಿಲ್ಲ.

ನಮ್ಮಂಥ ಬಣ್ಣದವರಲ್ಲಿ ಮೆಲನೋಮಾ ಬಿಸಿಲು ಬೀಳುವ ಬೆನ್ನಿನಲ್ಲಿ, ಮುಖದಲ್ಲಿ ಹುಡುಕುವಂಥದ್ದಲ್ಲ. ಅಂಗಾಲು, ಅಂಗೈ, ಉಗುರಿನ ಅಡಿ, ಇವು ಅದರ ಜಾಗಗಳು. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಅದು ಕಾಣಿಸಿಕೊಂಡದ್ದು ಕಾಲಿನ ಹೆಬ್ಬೆರಳಿನ ಉಗುರಿನಡಿ, 1977ರಲ್ಲಿ. 1981ರಲ್ಲಿ, 36ರ ವಯಸ್ಸಿಗೆ ತೀರಿಕೊಂಡರು. ಬರಿಗಾಲಲ್ಲಿ ಗದ್ದೆ ತೋಟ ಓಡಾಡುವ ನಮಗೆ ಅಂಗಾಲಿನಲ್ಲಿ ಮುಳ್ಳು, ಉಂಬಳ ಕಡಿದ ಗಾಯ, ಕೆಸರುಹುಣ್ಣು ಇದ್ದೇ ಇರುತ್ತವೆ. ಅವುಗಳ ನಡುವೆ ಒಂದು ಕಪ್ಪು ಕಲೆ ಬೆಳೆಯುತ್ತಿದ್ದರೆ ಯಾರ ಕಣ್ಣಿಗೆ ಬೀಳಬೇಕು? ಮುಳ್ಳಿನ ಗಾಯ ಒಂದು ತಿಂಗಳಲ್ಲಿ ಮಾಯಬೇಕು. ಮಾಯದಿದ್ದರೆ ಅದು ಮುಳ್ಳಲ್ಲ. ಹಳೆಯ ಮಚ್ಚೆಯಾದರೂ ಸರಿ, ಹೊಸದಾದರೂ ಸರಿ, ಅರ್ಧಕ್ಕೆ ಅರ್ಧ ಹೊಂದದಿದ್ದರೆ, ಅಂಚು ಹರಿದಂತಿದ್ದರೆ, ಒಂದರಲ್ಲೇ ಎರಡು ಮೂರು ಬಣ್ಣವಿದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಾದರೆ, ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ತೋರಿಸಿ. ಒಂದೇ ಉಗುರಿನಲ್ಲಿ ಕಪ್ಪುಗೆರೆ ಬಂದು ಅಗಲವಾಗುತ್ತ ಹೋಗಿ ಉಗುರಿನ ಬುಡದ ಚರ್ಮಕ್ಕೂ ಹರಡಿದರೆ ತೋರಿಸಿ. ಮೆಲನೋಮಾ 1 ಮಿಲಿಮೀಟರಿಗಿಂತ ತೆಳುವಾಗಿರುವಾಗ ಕತ್ತರಿಸಿ ತೆಗೆದರೆ ಹೆಚ್ಚಿನವರು ಬದುಕುತ್ತಾರೆ.

ಬಸುರಿಯರಿಗೆ ಒಂದು ಮಾತು. ಬಸುರಿನಲ್ಲಿ ಮೈ ಕಪ್ಪಾಗುತ್ತದೆ, ಹೊಟ್ಟೆಯ ಚರ್ಮ ಹಿಗ್ಗಿದಾಗ ಅಲ್ಲಿನ ಮಚ್ಚೆಯೂ ಹಿಗ್ಗುತ್ತದೆ, ನಿಜ. ಆದರೆ ಬೇರೆ ಕಡೆಯ ಒಂದೇ ಒಂದು ಮಚ್ಚೆ ರೂಪ ಬದಲಿಸಿದರೆ ಹೆರಿಗೆಯಾದ ಮೇಲೆ ನೋಡಿದರಾಯಿತು ಎಂದು ಮನೆಯ ಹಿರಿಯರು ಹೇಳಬಾರದು. ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು ಚೂರು ತೆಗೆಯುವುದರಿಂದ ಹೊಟ್ಟೆಯ ಮಗುವಿಗೆ ತೊಂದರೆಯಿಲ್ಲ.

ಕೊನೆಗೌಡರ ಆ ಟ್ಯೂಬಿನ ಬಗ್ಗೆ ಹೇಳದೆ ನಾನು ಏಳುವಂತಿಲ್ಲ. ಸ್ಟೀರಾಯ್ಡ್ ಎಂದರೂ ಒಂದು ಹಾರ್ಮೋನೇ, ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲಿನ ತಮ್ಮ. ಸಂಧಿವಾತದಿಂದ ಹಾಸಿಗೆ ಹಿಡಿದವರನ್ನು 1948ರಲ್ಲಿ ಎಬ್ಬಿಸಿ ನಡೆಸಿದ ಔಷಧಿ ಇದು. 1950ರ ನೊಬೆಲ್ ಪ್ರಶಸ್ತಿ ಆ ಕೆಲಸಕ್ಕೇ ಬಂದದ್ದು. 1952ರಲ್ಲಿ ಮ್ಯಾರಿಯನ್ ಸಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟನ್ ಅದನ್ನು ಮುಲಾಮಾಗಿ ಹಚ್ಚಿ ನೋಡಿದ ಮೇಲೆ ಚರ್ಮವೈದ್ಯವೇ ಬದಲಾಯಿತು. ನಾನೂ ದಿನಾ ಬರೆದುಕೊಡುತ್ತೇನೆ. ಸರಿಯಾದ ರೋಗಕ್ಕೆ, ಸರಿಯಾದ ಅಳತೆಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ನಮ್ಮಲ್ಲಿ ನಡೆಯುತ್ತಿರುವುದು ಬೇರೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ತೊಡೆಸಂದಿಯಲ್ಲಿ, ಸೊಂಟದಲ್ಲಿ ಗಜಕರ್ಣ ಏಳುತ್ತದೆ. ಅಂಗಡಿಯಲ್ಲಿ ಟ್ಯೂಬು ಕೊಡುತ್ತಾರೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಬೂಷ್ಟು ಮಾತ್ರ ಒಳಗೊಳಗೇ ಹರಡುತ್ತದೆ. ಅದೇ ಟ್ಯೂಬು ಬಂಗಿಗೆ, ಅದೇ ಟ್ಯೂಬು ಮಗಳ ಮುಖ ಬೆಳ್ಳಗಾಗಲು, ಅದೇ ಟ್ಯೂಬು ಅಜ್ಜನ ಹುಣ್ಣಿಗೆ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಟ್ಯೂಬಿನ ಮೇಲಿನ ಸಣ್ಣ ಅಕ್ಷರದಲ್ಲಿ ಈ ಹೆಸರುಗಳನ್ನು ಹುಡುಕಿ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆ ನಿಯಮ ನಮ್ಮ ಪೇಟೆಗಳಿಗೆ ಬಂದು ತಲುಪಬೇಕು.

ಮುಲಾಮು ಹಚ್ಚಿದರೆ ಕ್ಯಾನ್ಸರು ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬಂದದ್ದನ್ನು ಅದು ಮುಚ್ಚಿಡುತ್ತದೆ. ಚರ್ಮದ ಕಾವಲು ಕೋಶಗಳನ್ನು ಮಲಗಿಸುವುದೇ ಅದರ ಕೆಲಸ. ಬೋವೆನ್ ರೋಗ ಎಂಬುದೊಂದಿದೆ, 1912ರಲ್ಲಿ ಜಾನ್ ಬೋವೆನ್ ವಿವರಿಸಿದ್ದು. ಹೊಟ್ಟು ಏಳುವ ಒಂದು ಕೆಂಪು ತೇಪೆ. ನೋಡಲು ಥೇಟ್ ಇಸಬು. ಇಸಬಿನ ಮುಲಾಮು ಹಚ್ಚುತ್ತ ವರ್ಷಗಟ್ಟಲೆ ಕಳೆಯುತ್ತಾರೆ, ಆದರೆ ಅದು ಮೇಲ್ಚರ್ಮದಲ್ಲೇ ಇನ್ನೂ ಕೂತಿರುವ ಸ್ಕ್ವೇಮಸ್ ಸೆಲ್ ಕ್ಯಾನ್ಸರು. ಒಂದೇ ಮೊಲೆಯ ತೊಟ್ಟಿನಲ್ಲಿ ಮಾಯದ ಇಸಬಿನಂಥದ್ದು ಬಂದರೆ ಅದು ಪ್ಯಾಜೆಟ್ ರೋಗ ಇರಬಹುದು, ಅದರ ಬೇರು ಸ್ತನದೊಳಗಿನ ಕ್ಯಾನ್ಸರಿನಲ್ಲಿರುತ್ತದೆ. ನಮ್ಮ ಹೆಂಗಸರು ಅದನ್ನು ಗಂಡನಿಗೂ ಹೇಳುವುದಿಲ್ಲ, ಟ್ಯೂಬಿಗೆ ಮಾತ್ರ ಹೇಳುತ್ತಾರೆ.

ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾಕ್ಟರ್ ಅನುಪಮಾ ನಿರಂಜನ ಅವರನ್ನು ಇಲ್ಲಿ ನೆನೆಯುತ್ತೇನೆ. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಬರೆದು ಹೆಣ್ಣಿನ ಮೈಯ ಸಂಗತಿಗಳನ್ನು ಮುಚ್ಚುಮರೆ ಇಲ್ಲದ ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದವರು. 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ನನ್ನ ಅಮ್ಮನ ಟ್ರಂಕಿನಲ್ಲಿ ಆ ಪುಸ್ತಕಗಳು ಸೀರೆಗಳ ಅಡಿ ಇದ್ದವು. ಅಡಿಯಲ್ಲಿಟ್ಟು ಓದುತ್ತಿದ್ದರು, ಆದರೆ ಓದುತ್ತಿದ್ದರು.

ಇನ್ನು, ವೈದ್ಯರು ಬರೆದುಕೊಟ್ಟು ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ನನ್ನ ಮಾತು ಕೇಳಿ ಥಟ್ಟನೆ ನಿಲ್ಲಿಸಬೇಡಿ, ಅದು ಜೀವಕ್ಕೇ ಅಪಾಯ. ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧ ತಗ್ಗಿಸುವ ಮದ್ದುಗಳಲ್ಲಿ ಇರುವವರಿಗೆ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚು. ಅವರು ವರ್ಷಕ್ಕೊಮ್ಮೆ ಮೈಯೆಲ್ಲ ತೋರಿಸಿಕೊಳ್ಳಬೇಕು. ಸುಟ್ಟ ಗಾಯದ ಹಳೆಯ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು ಇರುವವರೂ ಅಷ್ಟೇ. ಸೀರೆಯೊಳಗಿನ ಲಂಗದ ಲಾಡಿ, ಪಂಚೆಯ ಕಟ್ಟು ಸೊಂಟದಲ್ಲಿ ಒಂದೇ ಜಾಗವನ್ನು ಉಜ್ಜಿ ಉಜ್ಜಿ ಹುಣ್ಣಾಗಿ, ಅದೇ ಕ್ಯಾನ್ಸರಾದ ಉದಾಹರಣೆಗಳನ್ನು ನಮ್ಮ ದೇಶದ ವೈದ್ಯರು ಬರೆದಿಟ್ಟಿದ್ದಾರೆ. ಲಾಡಿ ಸಡಿಲವಿರಲಿ, ಅಗಲವಿರಲಿ.

ಎಲ್ಲಿ ತೋರಿಸುವುದು? ಮೊದಲು ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿ, ಹೊಸನಗರದವರಿಗೆ ಹುಲಿಕಲ್ ಘಾಟಿ ಇಳಿದರೆ ಮಣಿಪಾಲದ ಆಸ್ಪತ್ರೆ ಹತ್ತಿರ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ, ಕಾರ್ಡು ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ. ದುಡ್ಡಿಗೆ ಹೆದರಿ ಮನೆಯಲ್ಲೇ ಉಳಿಯಬೇಡಿ.

ದೀಪಾವಳಿಗೆ ನಮ್ಮ ಕಡೆ ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ ಮನೆಮಂದಿಗೆಲ್ಲ ಎಣ್ಣೆ ಹಚ್ಚುತ್ತೇವಲ್ಲ, ಮೈಯ ಮೂಲೆಮೂಲೆಗೂ ಇನ್ನೊಬ್ಬರ ಕೈ ಹೋಗುವ ದಿನ ಅದು. ಬಚ್ಚಲಿನ ದೀಪ ಸ್ವಲ್ಪ ಹತ್ತಿರ ತನ್ನಿ. ಬೆನ್ನು, ಕಿವಿಯ ಹಿಂದೆ, ಅಂಗಾಲು, ಬೆರಳ ಸಂದಿ ನೋಡಿ. ಇದನ್ನು ನಾನು ಕಳೆದ ಕೆಲವು ವರ್ಷಗಳಿಂದ ಬರುವವರಿಗೆಲ್ಲ ಹೇಳುತ್ತಿದ್ದೇನೆ. ಹೋದ ಸಲ ಹಬ್ಬ ಮುಗಿದ ಮೂರನೇ ದಿನ ನಿಟ್ಟೂರು ಕಡೆಯ ಒಬ್ಬ ಅಮ್ಮ ಗಂಡನನ್ನು ಕೈಹಿಡಿದು ಕರೆದುಕೊಂಡು ಬಂದರು. ಎಣ್ಣೆ ಹಚ್ಚುವಾಗ ಬೆನ್ನಿನ ಮೇಲೆ ಒಂದು ಕಪ್ಪು ಗಂಟು ಸಿಕ್ಕಿತಂತೆ, ಮೂರು ರಾತ್ರಿ ನಿದ್ದೆ ಮಾಡಿಲ್ಲ. ಅವರು ಅಂಗಿ ಬಿಚ್ಚಿ ತಿರುಗಿ ಕೂತರು. ಮಸೂರ ಹಿಡಿದು ನೋಡಿದೆ. ವಯಸ್ಸಾದವರ ಮೈಮೇಲೆ ಮೇಣ ಅಂಟಿಸಿದಂತೆ ಏಳುವ ಸಾಮಾನ್ಯ ಗಂಟು, ಕ್ಯಾನ್ಸರಲ್ಲ. ಹಾಗೆಂದಾಗ ಆ ಅಮ್ಮ ಗಂಡನ ಬೆನ್ನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಅಂಗಿ ಎತ್ತಿಕೊಟ್ಟು, “ಮೂರೂವರೆ ಬಸ್ಸು ಸಿಗ್ತದೆ, ಏಳಿ” ಎಂದರು.